ಉಪ್ಪಿನ ತೆರಿಗೆಯಿಂದ ಶಾಲೆಯ ಸೆಸ್‌ವರೆಗೆ: ಬಜೆಟ್‌ನಲ್ಲಿ ಮಕ್ಕಳ ಪಾಲು ಕೇಳಿದ ಗೋಖಲೆ

ಭೋಸರಿ (ಪುಣೆ): ಬಜೆಟ್ ಬಂತೆಂದರೆ ಯಾವುದು ಅಗ್ಗ, ಯಾವುದು ದುಬಾರಿ ಎಂಬ ಪಟ್ಟಿ ಹುಡುಕುವುದು ವಾಡಿಕೆ. ಸರ್ಕಾರದ ಲೆಕ್ಕಪತ್ರ ಬಡವರ ಅಡುಗೆಮನೆಗೂ ಮಕ್ಕಳ ಪಾಟಿಗೂ ಹೇಗೆ ತಟ್ಟುತ್ತದೆ ಎಂದು ನೂರು ವರ್ಷಗಳಿಗೂ ಹಿಂದೆ ಅಂಕಿ ಅಂಶ ಹಿಡಿದು ಕೇಳಿದವರು ಪುಣೆಯ ಗೋಪಾಲಕೃಷ್ಣ ಗೋಖಲೆ.

ಹುಟ್ಟಿದ್ದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋಟ್ಲುಕ್‌ನಲ್ಲಿ. ಹದಿಮೂರರ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಅಣ್ಣ ಗೋವಿಂದ ಓದು ಬಿಟ್ಟು 15 ರೂಪಾಯಿ ಸಂಬಳದ ಕೆಲಸಕ್ಕೆ ಸೇರಿ, ಅದರಲ್ಲಿ 8 ರೂಪಾಯಿಯನ್ನು ತಮ್ಮನ ಓದಿಗೆ ಕಳುಹಿಸುತ್ತಿದ್ದರು. ಬೀದಿ ದೀಪದ ಕೆಳಗೆ ಓದಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಗೋಖಲೆಯವರ ಮುಂದಿನ ಬದುಕನ್ನು ಅರಿಯಲು ಈ 8 ರೂಪಾಯಿಯ ಲೆಕ್ಕವೇ ಹೆಚ್ಚು ಸಹಾಯ ಮಾಡುತ್ತದೆ. ಒಬ್ಬ ಓದಬೇಕಾದರೆ ಇನ್ನೊಬ್ಬ ಓದು ಬಿಡಬೇಕಿತ್ತು.

1884ರಲ್ಲಿ ಪದವಿ, ನಂತರ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಪಾಠ. ಅರ್ಥಶಾಸ್ತ್ರದ ಪಟ್ಟುಗಳನ್ನು ಕಲಿತದ್ದು ನ್ಯಾಯಮೂರ್ತಿ ರಾನಡೆ ಅವರಿಂದ.

1902ರ ಮಾರ್ಚ್‌ನಲ್ಲಿ ವೈಸರಾಯ್ ಕರ್ಜನ್ ಅಧ್ಯಕ್ಷತೆಯ ಶಾಸನ ಪರಿಷತ್ತಿನಲ್ಲಿ ಗೋಖಲೆ ತಮ್ಮ ಮೊದಲ ಬಜೆಟ್ ಭಾಷಣ ಮಾಡಿದರು. ಬರಗಾಲದಿಂದ ಜನ ಇನ್ನೂ ಚೇತರಿಸಿಕೊಂಡಿರಲಿಲ್ಲ, ಆದರೂ ಸರ್ಕಾರ ಬಜೆಟ್ ಮಿಗತೆ ತೋರಿಸಿತ್ತು. ಇದು ಸಮೃದ್ಧಿಯಲ್ಲ, ಜನರಿಂದ ಅಗತ್ಯಕ್ಕಿಂತ ಹೆಚ್ಚು ತೆರಿಗೆ ಎತ್ತಿದ್ದರ ಫಲ ಎಂಬುದು ಅವರ ವಾದ.

ಅವರ ಮುಖ್ಯ ಗುರಿ ಉಪ್ಪಿನ ತೆರಿಗೆ. 1888ರಿಂದ ಒಂದು ಮಣ ಉಪ್ಪಿಗೆ, ಅಂದರೆ ಸುಮಾರು 37 ಕೆಜಿಗೆ, ಎರಡೂವರೆ ರೂಪಾಯಿ ತೆರಿಗೆ ಇತ್ತು. ಸಿರಿವಂತನ ಮನೆಗೂ ಕೂಲಿಯ ಮನೆಗೂ ಒಂದೇ ದರ. ಮನೆಯಲ್ಲಿ ಮಕ್ಕಳು ಹೆಚ್ಚಿದ್ದಷ್ಟೂ ಉಪ್ಪು ಹೆಚ್ಚು ಬೇಕು, ತೆರಿಗೆಯೂ ಹೆಚ್ಚು! ಗೋಖಲೆ ವರ್ಷ ವರ್ಷವೂ ಪಟ್ಟು ಹಿಡಿದರು. 1903ರಲ್ಲಿ ಅದು 2 ರೂಪಾಯಿಗೆ, 1905ರಲ್ಲಿ ಒಂದೂವರೆಗೆ, 1907ರಲ್ಲಿ 1 ರೂಪಾಯಿಗೆ ಇಳಿಯಿತು. ಶ್ರೇಯವೆಲ್ಲ ಅವರೊಬ್ಬರದೇ ಅಲ್ಲ, ಆದರೆ ಪರಿಷತ್ತಿನೊಳಗೆ ಅಷ್ಟು ಬಿಡದೆ ಕೇಳಿದವರು ಕಡಿಮೆ.

ದೊಡ್ಡ ಹೋರಾಟ ಶಾಲೆಯದು. 1911ರ ಮಾರ್ಚ್ 16ರಂದು ಪ್ರಾಥಮಿಕ ಶಿಕ್ಷಣ ಮಸೂದೆ ಮಂಡಿಸಿದರು. 6ರಿಂದ 10 ವರ್ಷದ ಗಂಡುಮಕ್ಕಳಿಗೆ ಕಡ್ಡಾಯ ಶಿಕ್ಷಣ, ಮುಂದೆ ಹೆಣ್ಣುಮಕ್ಕಳಿಗೂ ವಿಸ್ತರಣೆ. ಜಾರಿಗೆ ತರುವುದು ಸ್ಥಳೀಯ ಸಂಸ್ಥೆಗಳ ಹೊಣೆ, ಬೇಕಿದ್ದರೆ ಅವು ಶಿಕ್ಷಣ ಸೆಸ್ ಹಾಕಬಹುದು. ಖರ್ಚಿನ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕೆಂಬುದು ಗೋಖಲೆಯವರ ನಿಲುವು. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಫೀಸು ಇಲ್ಲ.

ಇಂದು ಕೆಲಸ ಅರಸಿ ಭೋಸರಿಯ ಕಾರ್ಖಾನೆಗಳಿಗೆ ಬರುವ ಉತ್ತರ ಕರ್ನಾಟಕದ ಕುಟುಂಬಗಳಿಗೆ ಪಿಂಪ್ರಿ-ಚಿಂಚ್‌ವಡ್ ಪಾಲಿಕೆಯ ಪ್ರಾಥಮಿಕ ಶಾಲೆ ಮಾಮೂಲಿ ಸಂಗತಿ. ಅಂದು ಊರಿನ ಪುರಸಭೆ ತೆರಿಗೆ ಹಣದಲ್ಲಿ ಎಲ್ಲ ಮಕ್ಕಳನ್ನೂ ಓದಿಸಬೇಕೆಂಬ ಮಾತೇ ಅತಿಯೆನಿಸಿತ್ತು. ಕೂಲಿಯಾಳು ಸಿಗುವುದಿಲ್ಲವೆಂದು ಜಮೀನುದಾರರಿಗೆ ಆತಂಕ, ಹಣವಿಲ್ಲವೆಂದು ಸರ್ಕಾರದ ನೆಪ. ಸೇನೆಗೆ ಹಣದ ಕೊರತೆ ಇರಲಿಲ್ಲ ಅನ್ನುವುದು ಬೇರೆ ಮಾತು. 1912ರ ಮಾರ್ಚ್ 19ರಂದು ಮಸೂದೆ 13–38 ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಭಾರತೀಯ ಸದಸ್ಯರೂ ಇದ್ದರು.

ಮರುವರ್ಷವೇ, 1913ರಲ್ಲಿ, ವಿಶ್ವೇಶ್ವರಯ್ಯ ದಿವಾನರಾಗಿದ್ದ ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಮಾಡಿತು. ಮುಂಬೈ ಪ್ರಾಂತದ ಪುರಸಭೆಗಳಿಗೆ ಇಂಥ ಕಾನೂನು ಬಂದದ್ದು 1918ರಲ್ಲಿ. ಅದನ್ನು ನೋಡಲು ಗೋಖಲೆ ಇರಲಿಲ್ಲ. ಸಕ್ಕರೆ ಕಾಯಿಲೆಯಿಂದ ಬಳಲಿದ್ದ ಅವರು 1915ರ ಫೆಬ್ರವರಿ 19ರಂದು ಪುಣೆಯಲ್ಲಿ ತೀರಿಕೊಂಡರು. ವಯಸ್ಸು 48.

ಬೆಂಗಳೂರಿನಲ್ಲಿ ಡಿವಿಜಿ 1945ರಲ್ಲಿ ಕಟ್ಟಿದ ಸಾರ್ವಜನಿಕ ವಿಚಾರ ಸಂಸ್ಥೆಗೆ ಗೋಖಲೆಯವರ ಹೆಸರಿದೆ.