ಮೂರು ದಿನದ ಗಡುವು

ಪ್ರಶ್ನೆ ಕೇಳಿದ ತಪ್ಪಿಗೆ ಮನೆ ಬಿಡಬೇಕಾಗಿ ಬಂದ ಒಬ್ಬ ಹುಡುಗನ ಕಥೆ ಇದು. ಅವನು ಇಂಗ್ಲೆಂಡಿನವನು. ತೀರಿಕೊಂಡು ನೂರಮೂವತ್ತು ವರ್ಷಗಳ ಮೇಲಾಯಿತು. ಒಮ್ಮೆ ನಮ್ಮ ಮುಂಬಯಿಗೂ ಬಂದು ಹೋದವನು. ಹೆಸರು ಚಾರ್ಲ್ಸ್ ಬ್ರಾಡ್‌ಲಾ. ಕಾಮರ್ಸ್ ಹುಡುಗನಿಗೆ ಈ ಉಸಾಬರಿ ಯಾಕೆ ಅಂತ ಗೆಳೆಯರು ಕೇಳಬಹುದು. ಕಾರಣ ಕೊನೆಗೆ ಹೇಳ್ತೇನೆ.

ಬ್ರಾಡ್‌ಲಾ ಹುಟ್ಟಿದ್ದು 1833ರ ಸೆಪ್ಟೆಂಬರ್ 26ರಂದು, ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ. ತಂದೆ ವಕೀಲರ ಕಚೇರಿಯ ಗುಮಾಸ್ತ. ಮನೆಯಲ್ಲಿ ಮಕ್ಕಳು ಬಹಳ, ಸಂಬಳ ಕಡಿಮೆ. ಹಿರಿಯ ಮಗನಾದ ಚಾರ್ಲ್ಸನ ಶಾಲೆ 11ನೇ ವಯಸ್ಸಿಗೇ ಮುಗಿಯಿತು. 12ಕ್ಕೆ ಅವನು ತಂದೆಯ ಕಚೇರಿಯಲ್ಲೇ ಕಾಗದಪತ್ರ ಒಯ್ಯುವ ಹುಡುಗ. 14ಕ್ಕೆ ಕಲ್ಲಿದ್ದಲು ವ್ಯಾಪಾರಿಯ ಬಳಿ ಗುಮಾಸ್ತ ಮತ್ತು ಕ್ಯಾಷಿಯರ್. ಭಾನುವಾರ ಬಂತೆಂದರೆ ಚರ್ಚಿನ ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಅಂದರೆ ದೇವರನ್ನು ಬೈಯುತ್ತ ಬೆಳೆದವನಲ್ಲ, ಭಕ್ತಿಯಿಂದಲೇ ಬೆಳೆದವನು.

ಅವನಿಗೆ ಹದಿನೈದಾದಾಗ ಬಿಷಪ್ಪರು ಆ ಕಡೆ ಬರುವವರಿದ್ದರು. ಹುಡುಗರಿಗೆ ದೃಢೀಕರಣ ಸಂಸ್ಕಾರ ಕೊಡಬೇಕಿತ್ತು. ಚರ್ಚಿನ ಪಾದ್ರಿ ಪ್ಯಾಕರ್, ಬುದ್ಧಿವಂತ ಹುಡುಗನೆಂದು ಚಾರ್ಲ್ಸನಿಗೆ ಚೆನ್ನಾಗಿ ತಯಾರಾಗಲು ಹೇಳಿದ. ಹುಡುಗ ಆ ಮಾತನ್ನು ನಿಜವಾಗಿಯೇ ನಡೆಸಿದ. ಇಂಗ್ಲೆಂಡಿನ ಚರ್ಚಿನ 39 ಸೂತ್ರಗಳನ್ನು ಒಂದು ಕಡೆ, ನಾಲ್ಕು ಸುವಾರ್ತೆಗಳನ್ನು ಇನ್ನೊಂದು ಕಡೆ ಇಟ್ಟುಕೊಂಡು ಓದಿದ. ಕ್ಯಾಷಿಯರ್ ಕೆಲಸ ಮಾಡುವ ಹುಡುಗ ನೋಡಿ, ಎರಡು ಪುಸ್ತಕ ತಾಳೆಯಾಗಬೇಕೆಂಬುದು ಅವನಿಗೆ ರೂಢಿ. ಇಲ್ಲಿ ತಾಳೆಯಾಗಲಿಲ್ಲ. ತನಗೆ ತಿಳಿಯದ್ದನ್ನು ತಿಳಿಸಿಕೊಡಬೇಕೆಂದು ವಿನಯದಿಂದಲೇ ಪಾದ್ರಿಗೆ ಪತ್ರ ಬರೆದ.

ಪಾದ್ರಿ ಉತ್ತರ ಕೊಡಲಿಲ್ಲ. ಹುಡುಗ ನಾಸ್ತಿಕನಾಗಿದ್ದಾನೆಂದು ತಂದೆಗೆ ಬರೆದ. ಸಂಡೇ ಸ್ಕೂಲಿನ ಪಾಠದಿಂದ ಮೂರು ತಿಂಗಳು ದೂರ ಇಟ್ಟ. ನಾನು ಗೆಳೆಯರ ಗಮನಕ್ಕೆ ತರಬೇಕೆಂದಿರುವುದು ಇದನ್ನೇ: ಆ ಹೊತ್ತಿಗೆ ಅವನು ನಾಸ್ತಿಕನಾಗಿರಲೇ ಇಲ್ಲ. ಸುಮ್ಮನೆ ಒಂದು ಲೆಕ್ಕದ ತಪ್ಪು ತೋರಿಸಿದ್ದ, ಅಷ್ಟೆ.

ಅವಮಾನವಾದ ಹುಡುಗ ಚರ್ಚಿಗೆ ಹೋಗುವುದು ಬಿಟ್ಟ. ಭಾನುವಾರಗಳಲ್ಲಿ ಬಾನರ್ಸ್ ಫೀಲ್ಡ್ಸ್ ಎಂಬ ಬಯಲಿಗೆ ಹೋಗತೊಡಗಿದ. ಅಲ್ಲಿ ಧರ್ಮ, ರಾಜಕೀಯ ಎಲ್ಲದರ ಮೇಲೂ ಬಯಲುಚರ್ಚೆ ನಡೆಯುತ್ತಿತ್ತು. ಮೊದಮೊದಲು ಅವನು ವಾದಿಸಿದ್ದು ಕ್ರೈಸ್ತ ಧರ್ಮದ ಪರವಾಗಿಯೇ! ವಾದದಲ್ಲಿ ಸೋತ. ಸೋತಿದ್ದನ್ನು ಒಪ್ಪಿಕೊಂಡ. ನಂಬಿಕೆ ಹೀಗೆ ಸ್ವಲ್ಪ ಸ್ವಲ್ಪವೇ ಸಡಿಲಾಯಿತು.

ಇತ್ತ ಮನೆಯಲ್ಲಿ ತಂದೆ ಗೋಡೆಯ ಮೇಲೆಲ್ಲ ಬೈಬಲಿನ ವಾಕ್ಯಗಳನ್ನು ಕಟ್ಟು ಹಾಕಿಸಿ ತೂಗುಹಾಕಿದರು. ದೇವರಿಲ್ಲವೆನ್ನುವವನನ್ನು ಮೂರ್ಖನೆನ್ನುವ ವಾಕ್ಯ, ಮಗ ಊಟಕ್ಕೆ ಕೂಡುವ ಜಾಗದ ಸರಿ ಎದುರಿಗೆ. ದಿನಾ ತುತ್ತೆತ್ತುವಾಗ ಅದನ್ನೇ ನೋಡಬೇಕು. ಆಮೇಲೆ ಬಂತು ಗಡುವು. ಮೂರು ದಿನದೊಳಗೆ ಅಭಿಪ್ರಾಯ ಬದಲಿಸಬೇಕು, ಇಲ್ಲವಾದರೆ ಕಲ್ಲಿದ್ದಲು ಕಚೇರಿಯ ಕೆಲಸ ಹೋಗುತ್ತದೆ. ಮೂರನೇ ದಿನ ಹುಡುಗ ಕೆಲಸವನ್ನೂ ಮನೆಯನ್ನೂ ಬಿಟ್ಟು ಹೊರಟ. ಆಗ ಅವನಿಗೆ ಹದಿನಾರರ ಆಸುಪಾಸು.

ಆಸರೆ ಕೊಟ್ಟವಳು ಎಲಿಜಾ ಶಾರ್ಪಲ್ಸ್ ಎಂಬ ಬಡ ಹೆಂಗಸು. ಥಾಮಸ್ ಪೇಯ್ನನ ಪುಸ್ತಕ ಪ್ರಕಟಿಸಿ ಜೈಲು ಕಂಡಿದ್ದ ರಿಚರ್ಡ್ ಕಾರ್ಲೈಲನ ಸಂಗಾತಿಯಾಗಿದ್ದವಳು. ಹೊಟ್ಟೆಪಾಡಿಗೆ ಚಾರ್ಲ್ಸ್ ಕಮಿಷನ್ ಮೇಲೆ ಕಲ್ಲಿದ್ದಲು ಮಾರಿದ. ದೊಡ್ಡ ಗಿರಾಕಿ ಎಂದರೆ ಒಬ್ಬ ಬ್ರೆಡ್ ಅಂಗಡಿಯವಳು. ಇವನು ನಾಸ್ತಿಕ ಅಂತ ತಿಳಿದ ಕೂಡಲೇ ಅವಳೂ ಕೈಬಿಟ್ಟಳು. ಇವನ ಇದ್ದಿಲಿನಲ್ಲಿ ಸುಟ್ಟರೆ ಬ್ರೆಡ್ಡಿಗೆ ನರಕದ ಗಂಧಕದ ವಾಸನೆ ಹತ್ತೀತೆಂಬ ಭಯ! ನಗು ಬರುತ್ತದೆ ನಿಜ, ಆದರೆ ಹಸಿದವನಿಗೆ ನಗು ಬಂದಿರಲಿಕ್ಕಿಲ್ಲ. ಸಾಲವಾಯಿತು. 1850ರ ಡಿಸೆಂಬರಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ನಮ್ಮ ದೇಶಕ್ಕೆ ಬರುವ ಮನಸ್ಸಿನಿಂದ ಹೆಸರು ಕೊಟ್ಟ. ಬೇರೆ ದಳಕ್ಕೆ ಹಾಕಿ ಐರ್ಲೆಂಡಿಗೆ ಕಳಿಸಿದರು.

1852ರಲ್ಲಿ ತಂದೆ ತೀರಿಕೊಂಡರು. ಹಿರಿಯ ಬಂಧು ಬಿಟ್ಟುಹೋದ ಹಣ ಕಟ್ಟಿ 1853ರಲ್ಲಿ ಸೈನ್ಯದಿಂದ ಬಿಡುಗಡೆ ಪಡೆದು, ತಂದೆಯ ಹಾಗೇ ವಕೀಲರ ಗುಮಾಸ್ತನಾದ. ಧಣಿಗೆ ತೊಂದರೆಯಾಗಬಾರದೆಂದು ವಿಗ್ರಹಭಂಜಕ ಎಂಬರ್ಥದ ಗುಪ್ತನಾಮದಲ್ಲಿ ಭಾಷಣ ಮಾಡುತ್ತಿದ್ದ. 1866ರಲ್ಲಿ ರಾಷ್ಟ್ರೀಯ ಸೆಕ್ಯುಲರ್ ಸೊಸೈಟಿ ಸ್ಥಾಪಿಸಿದ. ಒಡಹುಟ್ಟಿದ ತಮ್ಮನೇ ಮುಂದೆ ಕ್ರೈಸ್ತ ಪ್ರಚಾರಕನಾಗಿ ಎದುರು ನಿಂತ.

1880ರಲ್ಲಿ ನಾರ್ಥಾಂಪ್ಟನ್ನಿನ ಮತದಾರರು ಅವನನ್ನು ಪಾರ್ಲಿಮೆಂಟಿಗೆ ಆರಿಸಿದರು. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕಿತ್ತು. ಅದರ ಬದಲು ಬರೀ ದೃಢವಚನ ಕೊಡುತ್ತೇನೆಂದ, ಬಿಡಲಿಲ್ಲ. ಆಯ್ತು, ಪ್ರಮಾಣವನ್ನೇ ಮಾಡುತ್ತೇನೆಂದ. ನಾಸ್ತಿಕನ ಪ್ರಮಾಣಕ್ಕೆ ಬೆಲೆಯಿಲ್ಲವೆಂದು ಅದಕ್ಕೂ ಬಿಡಲಿಲ್ಲ. ಹೊರಗೆ ಹೋಗಲು ಒಪ್ಪದ್ದಕ್ಕೆ ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲಿ ಕೂಡಿಹಾಕಿದರು. 1881ರ ಆಗಸ್ಟಿನಲ್ಲಿ ಪೊಲೀಸರು ಎಳೆದು ಹೊರಹಾಕಿದರು. ಆದರೂ 1881, 1882, 1884ರ ಉಪಚುನಾವಣೆಗಳಲ್ಲಿ, 1885ರ ಮಹಾಚುನಾವಣೆಯಲ್ಲಿ ಜನ ಅವನನ್ನೇ ಗೆಲ್ಲಿಸಿದರು. ಕೊನೆಗೆ 1886ರ ಜನವರಿಯಲ್ಲಿ ಜಾಗ ಸಿಕ್ಕಿತು. 1888ರಲ್ಲಿ ಅವನೇ ಮುಂದಾಗಿ ತಂದ ಕಾನೂನು, ಪ್ರಮಾಣ ಬೇಡವೆನ್ನುವವರಿಗೆಲ್ಲ ದೃಢವಚನದ ಹಕ್ಕು ಕೊಟ್ಟಿತು. ತನಗೆ ಮುಚ್ಚಿದ್ದ ಬಾಗಿಲನ್ನು ಇತರರಿಗೂ ತೆರೆದಿಟ್ಟ.

1889ರ ಡಿಸೆಂಬರಿನಲ್ಲಿ, ದೊಡ್ಡ ಕಾಯಿಲೆಯಿಂದ ಎದ್ದವನು ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದ. ಹದಿನೇಳಕ್ಕೆ ಸಿಪಾಯಿಯಾಗಿ ಬರಬೇಕೆಂದಿದ್ದವನು 56ಕ್ಕೆ ನಮ್ಮವರ ಸ್ನೇಹಿತನಾಗಿ ಬಂದ. 1891ರ ಜನವರಿ 27ರಂದು ಪಾರ್ಲಿಮೆಂಟು ಅವನನ್ನು ಹೊರಗಿಟ್ಟ ಹಳೆಯ ಠರಾವನ್ನು ದಾಖಲೆಯಿಂದ ಹೊಡೆದುಹಾಕಿತು. ಅದು ತಿಳಿಯುವಷ್ಟು ಎಚ್ಚರ ಅವನಿಗಿರಲಿಲ್ಲ. 30ರಂದು ತೀರಿಕೊಂಡ. ಬ್ರೂಕ್‌ವುಡ್ ಸ್ಮಶಾನಕ್ಕೆ ಬಂದಿದ್ದ ಭಾರತೀಯರಲ್ಲಿ ಕಾನೂನು ಓದುತ್ತಿದ್ದ 21 ವರ್ಷದ ತರುಣನೊಬ್ಬನಿದ್ದ: ದೇವರನ್ನು ಜೀವನವಿಡೀ ನಂಬಿದ ಮೋಹನದಾಸ ಗಾಂಧಿ.

ಈಗ ನನ್ನ ಕಾರಣ. ನಮ್ಮದು ಹುಬ್ಬಳ್ಳಿ ಕಡೆಯ ಕ್ರೈಸ್ತ ಮನೆ. ಪ್ರಾರ್ಥನೆಯೂ ಕನ್ನಡ, ಜಗಳವೂ ಕನ್ನಡ. ಯೋಸೇಫನ ತಂದೆ ಮತ್ತಾಯನ ಪ್ರಕಾರ ಯಾಕೋಬ, ಲೂಕನ ಪ್ರಕಾರ ಹೇಲಿ. ಇದು ಹೇಗೆ ಅಂತ ಒಂಬತ್ತನೇ ಇಯತ್ತೆಯಲ್ಲಿದ್ದಾಗ ಸಂಡೇ ಸ್ಕೂಲಿನಲ್ಲಿ ಕೇಳಿದೆ. ಹೊರಗೆ ನಿಲ್ಲಿಸಿದರು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಸತ್ಯವೇದ ತೆಗೆದು ಎರಡೂ ಕಡೆ ಓದಿದರು, ಬಹಳ ಹೊತ್ತು ಸುಮ್ಮನಿದ್ದರು. ತಮಗೂ ಗೊತ್ತಿಲ್ಲ ಅಂದರು. ಆಮೇಲೆ ಊಟಕ್ಕೆ ಕರೆದರು.

ನನ್ನ ನಂಬಿಕೆ ಹೋಗಿ ಮೂರು ವರ್ಷವಾಯಿತು. ಮನೆಯಲ್ಲಿ ಇನ್ನೂ ಹೇಳಿಲ್ಲ. ಈ ಕ್ರಿಸ್‌ಮಸ್ಸಿಗೆ ಹೋದಾಗ ಅಪ್ಪನಿಗೆ ಹೇಳಬೇಕೆಂದಿದ್ದೇನೆ. ಮೂರು ದಿನದ ಗಡುವು ಕೊಡುವ ಮನುಷ್ಯ ಅವರಲ್ಲ. ಅದಕ್ಕೇ ಹೇಳೋದು ಇಷ್ಟು ಕಷ್ಟವಾಗಿದೆ.