ರಸ್ತೆಯ ನಡುವೆ ಗೆರೆ ಎಳೆದ ವೈದ್ಯೆ

ನಮ್ಮ ಓದುಗ ಬಂಧುಗಳು ದಿನನಿತ್ಯ ದಾಟುವ ಡಾಮರು ರಸ್ತೆಯ ಮಧ್ಯದ ಗೆರೆಗೂ ಒಂದು ಚರಿತ್ರೆಯುಂಟು. ಅದಕ್ಕಾಗಿ ಹೋರಾಡಿದ ಡಾಕ್ಟರ್ ಜೂನ್ ಮೆಕ್ಯಾರೊಲ್ ಅವರ ಜೀವನವನ್ನು ಇಂದು ಅರಿಕೆ ಮಾಡುತ್ತೇವೆ.

1867ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜನಿಸಿದ ಇವರು ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಪತಿಗೆ ಕ್ಷಯರೋಗ ತಗಲಿದುದರಿಂದ ಒಣಹವೆಯನ್ನರಸಿ 1904ರಲ್ಲಿ ಕ್ಯಾಲಿಫೋರ್ನಿಯದ ಮರುಭೂಮಿಗೆ ಬಂದು ಇಂಡಿಯೋ ಎಂಬ ಊರಿನಲ್ಲಿ ನೆಲೆಸಿದರು. ಸುತ್ತಲಿನ ವಿಶಾಲ ಪ್ರದೇಶಕ್ಕೆಲ್ಲ ಬಹುಕಾಲ ಅವರೊಬ್ಬರೇ ವೈದ್ಯರು. ಕುದುರೆಯ ಮೇಲೆಯೂ ಗಾಡಿಯಲ್ಲಿಯೂ ಸಂಚರಿಸಿ, ಮೂಲನಿವಾಸಿಗಳ ವಸತಿಗಳಿಗೂ ಹೋಗಿ ಚಿಕಿತ್ಸೆ ನೀಡುತ್ತಿದ್ದರು. ಪತಿಯು 1914ರಲ್ಲಿ ತೀರಿಕೊಂಡರು. ಎರಡು ವರ್ಷಗಳ ತರುವಾಯ ಅವರು ರೈಲ್ವೆ ನೌಕರರಾಗಿದ್ದ ಫ್ರಾಂಕ್ ಮೆಕ್ಯಾರೊಲ್ ಅವರನ್ನು ವಿವಾಹವಾದರು.

1917ರಲ್ಲಿ ಒಂದು ದಿನ ಅವರು ತಮ್ಮ ಫೋರ್ಡ್ ಮೋಟಾರಿನಲ್ಲಿ ಬರುತ್ತಿದ್ದಾಗ ಎದುರಿನಿಂದ ದೊಡ್ಡ ಲಾರಿಯೊಂದು ರಸ್ತೆಯನ್ನೆಲ್ಲ ಆವರಿಸಿ ನುಗ್ಗಿತು. ಅವರು ಮೋಟಾರನ್ನು ಪಕ್ಕದ ಮರಳಿಗಿಳಿಸಿ ಜೀವವುಳಿಸಿಕೊಂಡರು. ತರುವಾಯ ಬೇರೊಂದು ಕಡೆ, ಹಳೆಯ ರಸ್ತೆಯನ್ನು ಅಗಲಮಾಡಿದಾಗ ನಡುವೆ ಉಳಿದಿದ್ದ ಏಣನ್ನು ಕಂಡರು. ಅಲ್ಲಿ ವಾಹನಗಳು ತಮ್ಮ ತಮ್ಮ ಬದಿಯಲ್ಲಿಯೇ ಸಾಗುತ್ತಿದ್ದುವು. ಒಂದು ಗೆರೆಯಿದ್ದರೂ ಸಾಕಲ್ಲವೇ ಎಂದು ಅವರಿಗೆ ಹೊಳೆಯಿತು. ಜಿಲ್ಲೆಯ ಅಧಿಕಾರಿಗಳಿಗೆ ಮನವಿ ಮಾಡಿದರು. ಕಚೇರಿಗಳ ರೀತಿಯನ್ನು ನಮ್ಮ ಗುಮಾಸ್ತ ಮಿತ್ರರಿಗೆ ನಾವು ಹೇಳಬೇಕಾಗಿಲ್ಲ. ಮಾತು ಕೇಳಿಸಿತು, ಕೆಲಸವಾಗಲಿಲ್ಲ. ಕಡೆಗೆ ಆ ವೈದ್ಯೆ ಸ್ವತಃ ಬಣ್ಣ ಹಿಡಿದು ತಮ್ಮ ಮನೆಯ ಮುಂದಿನ ರಸ್ತೆಯಲ್ಲಿ ನಾಲ್ಕು ಅಂಗುಲ ಅಗಲದ ಬಿಳಿಯ ಗೆರೆಯನ್ನು ಒಂದು ಮೈಲಿಯುದ್ದ ಎಳೆದರು.

ನ್ಯಾಯವಾಗಿ ಹೇಳುವುದಾದರೆ, 1911ರಲ್ಲಿಯೇ ಮಿಚಿಗನ್ನಿನಲ್ಲಿ ಎಡ್ವರ್ಡ್ ಹೈನ್ಸ್ ಎಂಬವರು ಇಂತಹ ಗೆರೆಯನ್ನು ಹಾಕಿಸಿದ್ದರು.

ಸಾಧಾರಣ ಬಣ್ಣವು ಗಾಲಿಗಳ ತಿಕ್ಕಾಟಕ್ಕೆ ಬೇಗ ಸವೆಯುತ್ತದೆ. ಆದುದರಿಂದ ವಾಹನಸಂಚಾರ ಹೆಚ್ಚಾದ ಕಡೆ ಈಗ ಎರಡು ಭಾಗಗಳ ಬಣ್ಣವನ್ನು ಬಳಸುವುದುಂಟು. ಒಂದು ಭಾಗ ರಾಳ, ಮತ್ತೊಂದು ಅದನ್ನು ಗಟ್ಟಿಯಾಗಿಸುವ ದ್ರವ್ಯ. ಬೇರೆ ಬೇರೆ ಇಟ್ಟರೆ ಎರಡೂ ಸುಮ್ಮನಿರುತ್ತವೆ. ಕೂಡಿಸಿದೊಡನೆ ಕೆಲಸ ಆರಂಭ. ನಮ್ಮ ಹೋಟೆಲುಗಳಲ್ಲಿ ಹಾಲಿಗೆ ಹೆಪ್ಪು ಹಾಕಿದಂತೆಯೇ ಸರಿ, ಆದರೆ ಇಲ್ಲಿ ರಾತ್ರಿಯೆಲ್ಲ ಕಾಯಬೇಕಾಗಿಲ್ಲ. ಬೆರೆಸಿದ್ದನ್ನು ತಡಮಾಡದೆ ಬಳಿಯಬೇಕು, ಮಿಕ್ಕಿದ್ದು ಪಾತ್ರೆಯಲ್ಲಿಯೇ ಕಲ್ಲಾಗುತ್ತದೆ. ದ್ರಾವಕವು ಆರಿ ಒಣಗುವುದಲ್ಲ, ರಾಸಾಯನಿಕ ಸಂಯೋಗದಿಂದಲೇ ಗಟ್ಟಿಯಾಗುವುದರಿಂದ ದಪ್ಪಕ್ಕೆ ಬಳಿದರೂ ನಿಲ್ಲುತ್ತದೆ. ಹಸಿಯಿರುವಾಗಲೇ ಸಣ್ಣ ಗಾಜಿನ ಮಣಿಗಳನ್ನು ಉದುರಿಸುವರು. ರಾತ್ರಿ ದೀಪದ ಬೆಳಕನ್ನು ಅವು ಚಾಲಕನ ಕಣ್ಣಿಗೆ ಹಿಂದಿರುಗಿಸುತ್ತವೆ.

ಡಾಕ್ಟರ್ ಜೂನ್ ಅವರ ಕಾಲದಲ್ಲಿ ಇವೊಂದೂ ಇರಲಿಲ್ಲ. ಒಂದು ಮೈಲಿಗೆ ತೃಪ್ತರಾಗದೆ ಅವರು ಮಹಿಳಾ ಸಂಘಗಳನ್ನು ಕೂಡಿಸಿಕೊಂಡು ಪತ್ರಗಳನ್ನು ಬರೆಸಿ ಸರಕಾರವನ್ನು ಕಾಡಿದರು. ಏಳು ವರ್ಷಗಳ ಬಳಿಕ, 1924ರ ನವೆಂಬರಿನಲ್ಲಿ, ಕ್ಯಾಲಿಫೋರ್ನಿಯದ ಹೆದ್ದಾರಿ ಮಂಡಲಿಯು ಒಪ್ಪಿತು. ಸಂಸ್ಥಾನದ ಸುಮಾರು 3,500 ಮೈಲಿ ರಸ್ತೆಗೆ ಗೆರೆ ಬಂದಿತು.

1954ರಲ್ಲಿ ಅವರು ನಿಧನರಾದರು. 2002ರಲ್ಲಿ ಇಂಡಿಯೋ ಸಮೀಪದ ಹೆದ್ದಾರಿಯ ಒಂದು ಭಾಗಕ್ಕೆ ಅವರ ಹೆಸರನ್ನಿಟ್ಟರು.