ಕಂಕನಾಡಿಯ ಫಾದರ್ ಮುಲ್ಲರ್

ಗುಣವಾಗುವ ರೋಗಿಯನ್ನು ನೋಡಿಕೊಳ್ಳಲು ಜನರು ಸಿಗುತ್ತಾರೆ. ಗುಣವಾಗದ ರೋಗಿಯ ಬಳಿ ಉಳಿಯುವವರು ವಿರಳ. ಹತ್ತೊಂಬತ್ತನೆಯ ಶತಮಾನದಲ್ಲಿ ಕುಷ್ಠವು ಅಂಥ ಗುಣವಾಗದ ರೋಗವಾಗಿತ್ತು. ಅದು ತಗುಲಿದವನನ್ನು ಊರು ದೂರವಿಡುತ್ತಿತ್ತು. ಅನೇಕ ವೇಳೆ ಹೆತ್ತವರೂ ಒಡಹುಟ್ಟಿದವರೂ ಅವನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಅಂಥವರಿಗೆ ಮಂಗಳೂರಿನ ಕಂಕನಾಡಿಯಲ್ಲಿ ಆಶ್ರಯವನ್ನು ಕಲ್ಪಿಸಿದ ಮಹನೀಯರು ಫಾದರ್ ಅಗಸ್ಟಸ್ ಮುಲ್ಲರ್.

ಮುಲ್ಲರರು 1841ರ ಮಾರ್ಚ್ 13ರಂದು ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಜನಿಸಿದರು. ತಾರುಣ್ಯದಲ್ಲಿ ಯೇಸುಸಭೆಯನ್ನು ಸೇರಿ ಪಾದ್ರಿಗಳಾದರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಮೊದಲ ತಂಡದಲ್ಲಿ ಅವರೂ ಒಬ್ಬರಾಗಿದ್ದರು. ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣವಾಗಿತ್ತು. 1880ರಲ್ಲಿ ಯೇಸುಸಭೆಯವರು ಅಲ್ಲಿ ಸೇಂಟ್ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಮುಲ್ಲರರು ಅಧ್ಯಾಪಕರಾಗಿ ಆ ಕಾಲೇಜಿನ ಕೆಲಸದಲ್ಲಿ ತೊಡಗಿದರು.

ಆದರೆ ಅವರ ಹೆಸರನ್ನು ಉಳಿಸಿದ್ದು ಬೇರೊಂದು ಕಾರ್ಯ. ಹೋಮಿಯೋಪತಿ ಔಷಧಗಳನ್ನು ಕೊಡುವುದನ್ನು ಅವರು ಬಲ್ಲವರಾಗಿದ್ದರು. ಮೊದಲು ತಮ್ಮ ವಿದ್ಯಾರ್ಥಿಗಳಿಗೆ, ಅನಂತರ ನೆರೆಯ ಬಡವರಿಗೆ ಅವರು ಔಷಧ ಕೊಡತೊಡಗಿದರು. ಒಂದು ಆಲದ ಮರದ ನೆರಳೇ ಅವರ ಮೊದಲ ಚಿಕಿತ್ಸಾಲಯವಾಗಿತ್ತೆಂದು ಮಂಗಳೂರಿನ ಜನ ಇಂದಿಗೂ ಹೇಳುತ್ತಾರೆ. 1880ರಲ್ಲಿಯೇ ಕಂಕನಾಡಿಯಲ್ಲಿ ಬಡವರ ಔಷಧಾಲಯ ಆರಂಭವಾಯಿತು. ಕ್ರಮೇಣ ಅವರ ಔಷಧಗಳು ಅಂಚೆಯ ಮೂಲಕ ಭಾರತದ ಬೇರೆ ಬೇರೆ ಭಾಗಗಳಿಗೆ ಹೋಗತೊಡಗಿದವು. ಹೀಗೆ ಮಾರಾಟದಿಂದ ಬಂದ ಹಣವು ಸೇವಾಕಾರ್ಯಕ್ಕೆ ಆಧಾರವಾಯಿತು.

ಔಷಧಾಲಯಕ್ಕೆ ಬರುವವರಲ್ಲಿ ಕುಷ್ಠರೋಗಿಗಳೂ ಇದ್ದರು. ಇತರರು ಔಷಧವನ್ನು ಪಡೆದು ಮನೆಗೆ ಮರಳುತ್ತಿದ್ದರು. ಇವರಲ್ಲಿ ಎಷ್ಟೋ ಮಂದಿಗೆ ಮರಳಲು ಮನೆಯೇ ಇರಲಿಲ್ಲ. ಇವರಿಗೆ ಔಷಧಕ್ಕಿಂತ ಮೊದಲು ಬೇಕಾದುದು ತಂಗಲು ನೆರಳು, ತಿನ್ನಲು ಅನ್ನ, ಗಾಯವನ್ನು ತೊಳೆಯುವ ಕೈ. ಇದನ್ನು ಅರಿತ ಮುಲ್ಲರರು ಆ ಶತಮಾನ ಮುಗಿಯುವ ಮೊದಲೇ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವೊಂದನ್ನು ಸ್ಥಾಪಿಸಿದರು. ನಿರ್ಗತಿಕರಾದ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಸರ್ಕಾರವು 1898ರಲ್ಲಿ ಕಾನೂನು ಮಾಡಿತು. ರೋಗಿಯನ್ನು ಕಂಡರೆ ಸಮಾಜಕ್ಕೆ ಎಂಥ ಭಯವಿತ್ತೆಂಬುದಕ್ಕೆ ಆ ಕಾನೂನೇ ಸಾಕ್ಷಿ.

ಆ ಸೇವೆ ಎಷ್ಟು ಕಠಿಣವಾದುದೆಂದು ತಿಳಿಯಲು ರೋಗದ ಸ್ವರೂಪವನ್ನು ಅರಿಯಬೇಕು. ಕುಷ್ಠವು ಪಾಪದ ಫಲವೆಂದು ಜನ ನಂಬಿದ್ದ ಕಾಲದಲ್ಲಿ, 1873ರಲ್ಲಿ, ನಾರ್ವೆಯ ವೈದ್ಯ ಹ್ಯಾನ್ಸೆನ್ ಅದಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಕಂಡುಹಿಡಿದರು. ಇದು ಚರ್ಮದ ರೋಗವೆಂದು ತೋರಿದರೂ ಇದರ ಮುಖ್ಯವಾದ ಹಾನಿ ನರಗಳಿಗೆ. ಮೊಣಕೈಯ ಹಿಂಬದಿಯ ನರವು ಕೆಟ್ಟರೆ ಕಿರುಬೆರಳು, ಉಂಗುರದ ಬೆರಳುಗಳು ಮಡಿಚಿಕೊಳ್ಳುತ್ತವೆ. ಮೊಣಕಾಲಿನ ಹೊರಬದಿಯ ನರವು ಕೆಟ್ಟರೆ ಪಾದವು ಜೋಲುಬೀಳುತ್ತದೆ. ಮುಖದ ನರವು ಕೆಟ್ಟರೆ ರೆಪ್ಪೆ ಮುಚ್ಚದೆ ಕಣ್ಣು ಒಣಗಿ ದೃಷ್ಟಿಯೇ ನಾಶವಾಗಬಹುದು. ಎಲ್ಲಕ್ಕಿಂತ ಮಿಗಿಲಾದ ಅಪಾಯವೆಂದರೆ ನೋವು ಇಲ್ಲವಾಗುವುದು. ಬಿಸಿ ಪಾತ್ರೆಯನ್ನು ಹಿಡಿದವನಿಗೆ ಕೈ ಸುಟ್ಟದ್ದು ತಿಳಿಯುವುದಿಲ್ಲ; ಮುಳ್ಳು ತುಳಿದವನು ಅದರ ಮೇಲೆಯೇ ನಡೆಯುತ್ತಾನೆ. ರೋಗದಿಂದ ಬೆರಳುಗಳು ತಾವಾಗಿಯೇ ಉದುರುತ್ತವೆಂಬ ನಂಬಿಕೆ ನಿಜವಲ್ಲ. ಅರಿವಿಗೆ ಬಾರದ ಗಾಯಗಳು ಕೊಳೆತು ಬೆರಳುಗಳನ್ನು ತಿನ್ನುತ್ತವೆ.

ಆದುದರಿಂದ ಇಂಥ ರೋಗಿಗಳ ಶುಶ್ರೂಷೆಯು ಪರೀಕ್ಷೆಯಿಂದಲೇ ಆರಂಭವಾಗುತ್ತದೆ. ರೋಗಿಯು ಕಣ್ಣು ಮುಚ್ಚಿ ಕುಳಿತಿರುವಾಗ ದಾದಿಯು ಹತ್ತಿಯ ಎಳೆಯಿಂದ ಅವನ ಚರ್ಮವನ್ನು ಮೃದುವಾಗಿ ಮುಟ್ಟುತ್ತಾಳೆ. ಮುಟ್ಟಿದ ಜಾಗವನ್ನು ಅವನು ಬೆರಳಿನಿಂದ ತೋರಿಸಬೇಕು. ಬಿಸಿ ಮತ್ತು ತಣ್ಣನೆಯ ನೀರಿನ ಕೊಳವೆಗಳ ಭೇದವನ್ನು ಹೇಳಬೇಕು. ಕಿರುಬೆರಳನ್ನು ಅಗಲಿಸುವ ಬಲವೆಷ್ಟು, ಹೆಬ್ಬೆರಳು ಮೇಲಕ್ಕೆ ಏಳುವುದೇ, ಪಾದವನ್ನು ಎತ್ತಬಲ್ಲನೇ, ರೆಪ್ಪೆ ಪೂರ್ತಿ ಮುಚ್ಚುವುದೇ ಎಂಬುದನ್ನೆಲ್ಲ ನೋಡಿ ಬರೆದಿಡಬೇಕು. ನೋವು ತಾನೇ ಕೂಗಿ ಹೇಳದ ದೇಹದಲ್ಲಿ ಶುಶ್ರೂಷಕರ ಕಣ್ಣೇ ರೋಗಿಯ ನೋವಾಗಿ ಕೆಲಸ ಮಾಡಬೇಕು.

ಅನಂತರದ್ದು ದಿನದಿನದ ಕೆಲಸ. ಕೈಕಾಲುಗಳನ್ನು ನೀರಿನಲ್ಲಿ ನೆನೆಸಿ, ಗಡುಸಾದ ಚರ್ಮವನ್ನು ಉಜ್ಜಿ ತೆಗೆದು, ಎಣ್ಣೆ ಸವರಬೇಕು. ಅಂಗಾಲನ್ನು ನಿತ್ಯವೂ ನೋಡಬೇಕು. ಗಾಯವನ್ನು ತೊಳೆದು ಕಟ್ಟಬೇಕು. ಇದರಲ್ಲಿ ಅದ್ಭುತವಾದುದು ಏನೂ ಇಲ್ಲ. ಆದರೆ ಒಂದು ದಿನ ತಪ್ಪಿದರೆ ರೋಗಿಯು ಒಂದು ಬೆರಳನ್ನೇ ಕಳೆದುಕೊಳ್ಳಬಹುದು. ಮುಲ್ಲರರ ಕಾಲದಲ್ಲಿ ಈ ಜ್ಞಾನವೆಲ್ಲ ಇನ್ನೂ ಪೂರ್ಣವಾಗಿರಲಿಲ್ಲ. ಮುಟ್ಟಿದರೆ ತಮಗೂ ರೋಗ ತಗುಲಬಹುದೆಂದು ಎಲ್ಲರೂ ಅಂಜುತ್ತಿದ್ದ ದಿನಗಳಲ್ಲಿ ಅವರು ಆ ರೋಗಿಗಳಿಗೆ ತಮ್ಮ ಅಂಗಳದಲ್ಲಿಯೇ ಸ್ಥಳ ಕೊಟ್ಟರು.

1902ರ ಸುಮಾರಿಗೆ ಪ್ಲೇಗು ಮಂಗಳೂರನ್ನು ಕಾಡಿತು. ಕುಷ್ಠವು ವರ್ಷಗಟ್ಟಲೆ ಸವೆಸುವ ರೋಗವಾದರೆ ಪ್ಲೇಗು ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುವ ರೋಗ. ಜನ ಊರು ಬಿಟ್ಟು ಹೋಗುವಂಥ ಆ ಸಂಕಟದಲ್ಲಿ ಮುಲ್ಲರರು ಪ್ಲೇಗು ರೋಗಿಗಳಿಗಾಗಿಯೂ ಆಸ್ಪತ್ರೆಯನ್ನು ತೆರೆದರು. ಅವರ ಸೇವೆಯನ್ನು ಮೆಚ್ಚಿ ಬ್ರಿಟಿಷ್ ಸರ್ಕಾರವು ಕೈಸರ್-ಇ-ಹಿಂದ್ ಪದಕವನ್ನು ನೀಡಿತು. 1910ರ ನವೆಂಬರ್ 1ರಂದು ಅವರು ಮಂಗಳೂರಿನಲ್ಲಿಯೇ ನಿಧನರಾದರು. ಬಂದಂದಿನಿಂದ ಅಂದಿನವರೆಗೆ ಸುಮಾರು 32 ವರ್ಷಗಳು ಕಳೆದಿದ್ದವು.

ಮುಲ್ಲರರ ಕೈಯಲ್ಲಿದ್ದ ಔಷಧಗಳಿಗೆ ಕುಷ್ಠವನ್ನು ನಿರ್ಮೂಲ ಮಾಡುವ ಶಕ್ತಿಯಿರಲಿಲ್ಲ. ಆ ಶಕ್ತಿಯುಳ್ಳ ಔಷಧಗಳು ಬಳಕೆಗೆ ಬಂದದ್ದು 1940ರ ದಶಕದಿಂದ ಈಚೆಗೆ. 1980ರ ದಶಕದಲ್ಲಿ ಹಲವು ಔಷಧಗಳನ್ನು ಜೊತೆಯಾಗಿ ಕೊಡುವ ಚಿಕಿತ್ಸೆ ಆರಂಭವಾದ ಮೇಲೆ ರೋಗವು ಪೂರ್ಣವಾಗಿ ಗುಣವಾಗತೊಡಗಿತು. 2005ರ ಕೊನೆಗೆ ಭಾರತದಲ್ಲಿ ಚಿಕಿತ್ಸೆಯಲ್ಲಿರುವ ರೋಗಿಗಳ ಪ್ರಮಾಣವು 10,000 ಜನರಿಗೆ ಒಬ್ಬರಿಗಿಂತ ಕಡಿಮೆಯಾಯಿತು. ಆದರೂ ಹೊಸ ರೋಗಿಗಳು ಇಂದಿಗೂ ಕಂಡುಬರುತ್ತಿದ್ದಾರೆ. ಔಷಧವು ಸೂಕ್ಷ್ಮಾಣುವನ್ನು ಕೊಲ್ಲಬಲ್ಲುದು; ಬಹುಕಾಲದ ಹಿಂದೆ ಕೆಟ್ಟುಹೋದ ನರಕ್ಕೆ ಮರಳಿ ಜೀವ ಕೊಡಲಾರದು. ಅದಕ್ಕಾಗಿ ಬೇಗ ಪರೀಕ್ಷಿಸುವ ಕಣ್ಣು, ಬಿಡದೆ ಆರೈಕೆ ಮಾಡುವ ಕೈ ಇಂದಿಗೂ ಬೇಕಾಗಿವೆ.

ಬಡವರ ಆ ಪುಟ್ಟ ಔಷಧಾಲಯವು ಈಗ ಮುಲ್ಲರರ ಹೆಸರಿನ ದೊಡ್ಡ ಆಸ್ಪತ್ರೆಯಾಗಿ ಬೆಳೆದಿದೆ. 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಅದರೊಡನೆ ಸೇರಿದವು. ದಾದಿಯರನ್ನು ತರಬೇತುಗೊಳಿಸುವ ವಿದ್ಯಾಸಂಸ್ಥೆಗಳೂ ಅಲ್ಲಿವೆ. ಕಟ್ಟಡಗಳು ದೊಡ್ಡವಾದರೂ ಅವುಗಳ ಅಡಿಗಲ್ಲು ಒಂದೇ: ಎಲ್ಲರೂ ಕೈಬಿಟ್ಟವನನ್ನು ತಾನು ಕೈಬಿಡಬಾರದೆಂಬ ನಿಶ್ಚಯ. ಪರದೇಶದಿಂದ ಬಂದು ಪರರ ಗಾಯವನ್ನು ತಮ್ಮದೆಂದು ಬಗೆದ ಫಾದರ್ ಮುಲ್ಲರರನ್ನು ಕರಾವಳಿಯ ಜನ ಕೃತಜ್ಞತೆಯಿಂದ ನೆನೆಯುತ್ತಾರೆ.